ಪ್ರಾಣಿ ಕ್ಷೇಮ

ಸವಣೂರ ನವಾಬರ ಬಾಗಿನ ಕಿರ್ದಿಪುಸ್ತಕ
ನಮ್ಮ ಮಾಡದಾಗ ಐತಿ, ಗೆದ್ದಲಿ ತಿಂದು ಬಿಟ್ಟಷ್ಟು.
ಎಡಕ್ಕ ಪ್ರಾಣಿ, ಬಲಕ್ಕ ಅದರ ಹೊಟ್ಟಿ.

ಸಿಂಹಕ್ಕ ಕ್ವಾಣದ ಬಾಡು ಎಂಟು ಸೇರು, ಶುಕ್ರವಾರ ಉಪಾಸ.
ಪಟ್ಟಿಕುದರಿಗೆ ಕಡ್ಲಿ, ಹಸಿ ಜ್ವಾಳದ ಸೊಪ್ಪಿ.
ಉಷ್ಟ್ರಪಕ್ಷಿಗೆ ಏನ ಹಾಕಬೇಕು
ಯಾರಿಗೂ ಗೊತ್ತಿರಲಿಲ್ಲ.
ಕುಸುಬಿ ಹಾಕಿದರು, ಮೂಸಲಿಲ್ಲ.
ಎಲಿಬಳ್ಳಿ ತ್ವಾಟದಿಂದ ಎಲಿ ತರಿಸಿದರು, ಕಟ್ಟುಗಟ್ಟಲೆ ನುಂಗಿ
ಜಮಾದಾರನ ಅಂಗಿಯ ಹಿತ್ತಾಳಿ ಗುಂಡಿಯನ್ನೂ ನುಂಗಿತು.
ಗುಂಡಿಗೂ ಖರ್ಚು ಬರದಾರ: ಎರಡು ಪೈ.

ನಾನಾ ದಾವಲಸಾಬಗ ಅಕ್ಷರ ಬರತಿರಲಿಲ್ಲ.
ಅಂವ ಹೇಳಾವ, ಕಾರಕೂನ ಸ್ವಾಮಿರಾಯ ಬರಿಯಾವ,
ದಿನಾ ಸಂಜಿಗೆ, ದೊಡ್ಡಹುಣಸಿ ಬುಡಕ್ಕ ಕುಂತು.
ಆ ಗಿಡಾನೂ ಹಡಗ ಹತ್ತಿ ಬಂದ ಜಾತಿ ಅಂತಾರ.
ಅದಕ್ಕಷ್ಟ ಈ ಮಣ್ಣು ಹಿಡಸಿತು.

ಮನಷ್ಯಾನಂಗ ಕಾಲ ಮಡಚಿ ಕುಂಡ್ರತಿದ್ದ ಕರಿ ಮಂಗ
ನಾನಾನ ತೋರಬೆರಳ ಹಿಡಕೊಂಡ ಹಾಲ ಕುಡೀತಿತ್ತಂತ.
ಬಂದ ವರ್ಷನ, ಥಂಡಿ ದಿನದಾಗ
ಕೆಮ್ಮಿ ಕೆಮ್ಮಿ ಹೋತು.
ಕಂಬಳ್ಯಾಗ ಸುತ್ತಿ ರಾತ್ರಿ ಕೆರಿ ದಂಡ್ಯಾಗ ಹುಗದು ಬಂದ.
ಯಾರಿಗೂ ಹೇಳಲಿಲ್ಲ.

ಅದೇ ವಾರ ನಮ್ಮಮ್ಮ ಹುಟ್ಟಿದ್ದು.
ನಾನಿ ಎದ್ಯಾಗ ಹನಿ ಇರಲಿಲ್ಲ.

ಸತ್ತದ್ದರ ಹೆಸರಿಗೆ ಹಾಲು ಬರೂದು ನಿಲ್ಲಲಿಲ್ಲ.
ಸ್ವಾಮಿರಾಯ ಪಂಜರ ನೋಡಿರಲಿಲ್ಲೇನು?
ನೋಡಿದ್ದ. ಬರೇ ಹುಲ್ಲು ಇತ್ತು.
ಕನ್ನಡಕ ಒರಸಿಕೊಂಡು ದೌತಿ ಎಳಕೊಂಡ:

ಹಾಲು ಒಂದು ಸೇರು. ಪ್ರಾಣಿ ಕ್ಷೇಮ.
ಹಾಲು ಒಂದು ಸೇರು. ಪ್ರಾಣಿ ಮಗ್ಗಲಾಯಿತು.
ಹಾಲು ಒಂದು ಸೇರು. ಕೆಳಗೆ ಎರಡು ಹಲ್ಲು ಕಾಣುತ್ತವೆ.
ಪ್ರಾಣಿಯು ಈ ದಿನ ಬಾಗಿಲ ಹಿಡಿದು ನಿಂತಿತು.

ಎಲ್ಲಾ ಹಾಳಿಗೂ ದಿವಾಣರ ಸಹಿ ಐತಿ.

ಬಾಗು ಮುಚ್ಚಿದ ದಿನ, ಸಿಂಹ ಯಾವ ಊರಿಗೆ ಹೋತೋ,
ಪಕ್ಷಿ ಯಾರ ತಾಟಿಗೆ ಹೋತೋ,
ಸ್ವಾಮಿರಾಯ ಪುಸ್ತಕ ತಂದು ನಾನಾನ ಕೈಯಾಗಿಟ್ಟು
'ತಗೋ ದಾವಲ, ನಿನ್ನ ಮಗಳ ಜಾತಕ' ಅಂದನಂತ.
ಮುಂದ ಇಬ್ಬರೂ ಆ ಮಾತ ಎತ್ತಲಿಲ್ಲ.

ಅಮ್ಮಗ ಈಗ ಎಂಬತ್ತು.
ಚಹಾ ಒಲ್ಲೆ ಅಂತಾಳ, ಹಾಲ ಬೇಕು.
ಕುಡದು ಲೋಟದ ತಳದಾಗ ಒಂದು ಗುಟುಕ ಬಿಡತಾಳ.
ಚೆಲ್ಲಬ್ಯಾಡ, ಅಂತಾಳ ನನಗ.

ನೀನೂ ಕುಡೀಬ್ಯಾಡ.