ಒಂಬತ್ತನೇ ಕಲಮಿನ ನಡಾವಳಿ

ಮೊಂತೆವಿದೇವೋ. ಆಗಸ್ಟಿನ ಚಳಿ.
ನದಿಯೋ ಕಡಲೋ ಗೊತ್ತಾಗದ ಕಂದು ನೀರಿನ ಕಡೆಯಿಂದ
ಗಾಳಿ ಬಂದು ಸಮಿತಿಯ ಕಿಟಕಿ ಅಲುಗಿಸುತ್ತದೆ.
ನಾನು ನೆಲಿದಾ, ಶೀಘ್ರಲಿಪಿಗಾರ್ತಿ.
ಇಪ್ಪತ್ತಾರು ವರ್ಷದಿಂದ ಇದೇ ಮೂಲೆಯ ಕುರ್ಚಿ,
ಯಾರು ಕೆಮ್ಮಿದರೂ ನನ್ನ ಪುಟದಲ್ಲೊಂದು ಗೆರೆ.

ಇವತ್ತು ಮೇಜಿನ ನಡುವೆ
ಸಾಬೂನಿನ ಗಾತ್ರದ ಕಪ್ಪು ಡಬ್ಬಿ.
ಅದೂ ಕೇಳುತ್ತದಂತೆ, ಅದೂ ಬರೆಯುತ್ತದಂತೆ.
ಪ್ರಯೋಗಕ್ಕೆ ಅಷ್ಟೇ, ಎಂದರು ಅಧ್ಯಕ್ಷ ಬೆರ್ರೂತಿ
ನನ್ನ ಮುಖ ನೋಡದೆ.

ವಿಷಯ: ವಿಶ್ವವಿದ್ಯಾಲಯಗಳಲ್ಲಿ ಕೃತಕ ಬುದ್ಧಿಮತ್ತೆ,
ರಾಷ್ಟ್ರೀಯ ನೀತಿ, ಕರಡು ಹನ್ನೊಂದು.
ಒಂಬತ್ತನೇ ಕಲಮು: "ವಿದ್ಯಾರ್ಥಿಯ ಬರಹ
ವಿದ್ಯಾರ್ಥಿಯದೇ ಆಗಿರತಕ್ಕದ್ದು."
ಒಬ್ಬರು 'ಆದಷ್ಟೂ' ಸೇರಿಸಿದರು,
ಇನ್ನೊಬ್ಬರು 'ಸಂದರ್ಭಾನುಸಾರ'.
ಪತ್ತೆಯಂತ್ರ ಕೊಳ್ಳೋಣ ಎಂದಿತು ಒಂದು ದನಿ;
ಯಂತ್ರವೇ ತಪ್ಪಿದರೆ ಪತ್ತೆ ಹಚ್ಚುವವರು ಯಾರು?
ಸೋರೆ ಬುರುಡೆಯ ಕಹಿ ಚಹಾ ಕೈಯಿಂದ ಕೈಗೆ ದಾಟಿತು.
ಊಟದ ಹೊತ್ತಿಗೆ ಕಲಮು
ಅಡ್ಡಗೋಡೆಯ ಮೇಲಿಟ್ಟ ದೀಪ.

ಆಮೇಲೆ ಎದ್ದಳು ವಿದ್ಯಾರ್ಥಿ ಪ್ರತಿನಿಧಿ, ಜುಸಾರಾ.
ರಿವೇರಾದವಳು. ಅಲ್ಲಿ ರಸ್ತೆಯ ಈ ಬದಿ ನಮ್ಮ ದೇಶ,
ಆ ಬದಿ ಬ್ರೆಜಿಲ್. ಅವಳ ಬಾಯೊಳಗೂ ಹಾಗೇ,
ಒಂದು ವಾಕ್ಯಕ್ಕೆ ಎರಡು ಸಲ ಗಡಿ ದಾಟುತ್ತಾಳೆ.
ರಾತ್ರಿ ಬೇಕರಿ ಕೆಲಸ. ಮೊಣಕೈ ಕೆಳಗೆ ಒಲೆಯ ಬರೆ.

"ಬೆಳಗಿನ ಜಾವ ಮೂರಕ್ಕೆ ನಿಮ್ಮಲ್ಲಿ ಯಾರು ಎಚ್ಚರ ಇರ್ತೀರಿ?
ಅದು ಇರ್ತದೆ. ಹಿಟ್ಟು ಉಬ್ಬೋ ತನಕ
ಕೇಳ್ತೇನೆ... ಅಂದ್ರೆ, ತರಗತೀಲಿ ಅರ್ಥ ಆಗದ್ದು.
ಕೇಳೋದು ಕದಿಯೋದಾ?
ಪ್ರಬಂಧ ಮಾತ್ರ ನಾನೇ... ಅದು ನಾನೇ..."
ನಿಂತುಬಿಟ್ಟಳು.
ಏಳು ಸೆಕೆಂಡು. ಪುಟದಲ್ಲಿ ಏಳು ಚುಕ್ಕಿ ಇಟ್ಟೆ.
"ಪತ್ತೆಯಂತ್ರ ಅದು ನಿನ್ನದಲ್ಲ ಅಂತು."
ಕೂತಳು.

ಸಂಜೆ ಡಬ್ಬಿಯ ವರದಿ ಬಂತು, ಇಸ್ತ್ರಿ ಹಾಕಿದ ಹಾಗೆ:
"ಪ್ರತಿನಿಧಿಯು ಸಾಧನದ ನ್ಯಾಯಯುತ ಬಳಕೆಯನ್ನು ಬೆಂಬಲಿಸಿ
ಪತ್ತೆಯ ವಿಧಾನಗಳ ಬಗ್ಗೆ ಕಳವಳ ವ್ಯಕ್ತಪಡಿಸಿದರು."
ತಪ್ಪೇನಿಲ್ಲ. ಒಂದಕ್ಷರ ಸುಳ್ಳಲ್ಲ.
ಹೊಟ್ಟು ತೂರಿ ಕಾಳು ಉಳಿಸಿದೆ.
ಆದರೆ ಆ ರಸ್ತೆ? ಆ ಹಿಟ್ಟು?
ನನ್ನ ಏಳು ಚುಕ್ಕಿ ಹೊಟ್ಟಿನ ಜೊತೆ ಹಾರಿಹೋದವೆ?

ಬೆರ್ರೂತಿ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರು.
ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿದರು.
"ಯಾವುದಕ್ಕೆ ಸಹಿ ಮಾಡಲಿ, ನೆಲಿದಾ?"

ನನ್ನ ನೇಮಕದ ಆದೇಶದಲ್ಲಿ
ಉತ್ತರ ಕೊಡು ಎಂದು ಎಲ್ಲೂ ಬರೆದಿಲ್ಲ.
ಆದರೂ ಎಂದೆ:
"ಎರಡನ್ನೂ ಆ ಹುಡುಗಿಗೆ ಕೊಡಿ. ಯಾವುದು ತನ್ನದು ಅಂತ
ಅವಳೇ ಬೆರಳಿಡಲಿ.
ನಿಮ್ಮ ಒಂಬತ್ತನೇ ಕಲಮು ಅದೇ ತಾನೆ?"

ಯಾರೂ ಮಾತಾಡಲಿಲ್ಲ. ಎಷ್ಟು ಹೊತ್ತು ಅಂತ
ಈ ಸಲ ನಾನು ಎಣಿಸಲಿಲ್ಲ.
ಡಬ್ಬಿಯ ಕೆಂಪು ದೀಪ ಉರಿಯುತ್ತಲೇ ಇತ್ತು.
ಬರೆದುಕೊಳ್ಳಲಿ ಪಾಪ:
'ಸಿಬ್ಬಂದಿಯೊಬ್ಬರು ಸಲಹೆ ನೀಡಿದರು.'