ಸರಿ ಬೆಸ

ಹುಣಸೆಬೀಜ ಮುಚ್ಚಿದ ಮುಷ್ಟಿ ಮುಂದೊಡ್ಡಿ
ಸರಿಯೋ ಬೆಸವೋ ಎಂದು ಕೇಳುತ್ತಿದ್ದ ಆಟ
ಈಗ ನನ್ನ ತಿಂಗಳ ಸಂಬಳ.

ಪಾಲಿಕೆ ಕಚೇರಿಯ ಎರಡನೇ ಮಹಡಿ, ಕಿರುಗುಟ್ಟುವ ಫ್ಯಾನು.
ಪರದೆಯ ಮೇಲೆ ದಾವಣಗೆರೆಯ ವಾರ್ಡುಗಳು,
ಒಂದೊಂದೂ ಬಹುಭುಜ,
ಮೊಣಕೈ ಚಾಚಿ, ಸೊಂಟ ಒಳಗೆಳೆದು
ಹರಿಹರದ ಬಸ್ಸಿನಲ್ಲಿ ಒತ್ತಿ ಕೂತ ಹೆಂಗಸರ ಹಾಗೆ.
ಮನೆಗಳು ಬರೀ ಚುಕ್ಕೆ.
ಯಾವ ಚುಕ್ಕೆ ಯಾರ ಮಡಿಲಲ್ಲಿ
ಎಂದು ಹೇಳಲು ಹನ್ನೊಂದು ಸಾಲು ಬರೆದೆ.

ಉಪಾಯ ಸುಲಭ.
ಚುಕ್ಕೆಯಿಂದ ಮೂಡಣಕ್ಕೆ ಒಂದು ಗೆರೆ ಬಿಡು,
ಹಿಂತಿರುಗಿ ನೋಡದ ನೆಟ್ಟನೆ ಗೆರೆ.
ಎಷ್ಟು ಸಲ ಗಡಿ ದಾಟಿತು, ಎಣಿಸು.
ಬೆಸ ಬಂದರೆ ಒಳಗೆ,
ಸರಿ ಬಂದರೆ ಹೊರಗೆ.

‘ಸರಿ ಇದ್ದೋರೇ ಹೊರಗೆ ನೋಡ್ರಿ’ ಎಂದು ನಕ್ಕರು
ಪಕ್ಕದ ಮೇಜಿನ ಹಾಲಸ್ವಾಮಿ.
ಮುಯ್ಯಿ ಲೆಕ್ಕವೂ ಹಾಗೇ ಅಲ್ಲವೆ ಸರ್,
ಬರೀ ನೂರು ಕೊಟ್ಟವರು ಹೊರಗಿನವರು,
ಮೇಲೊಂದು ರೂಪಾಯಿ ಇಟ್ಟವರು ಒಳಗಿನವರು.

ಎಂಬತ್ತು ಸಾವಿರ ಚುಕ್ಕೆ ತುಟಿ ಪಿಟಕ್ಕೆನ್ನಲಿಲ್ಲ.
ಒಂದು ಮಾತ್ರ
ಮೂಡಣಕ್ಕೆ ಗೆರೆ ಬಿಟ್ಟರೆ ಒಳಗೆ ಎನ್ನುತ್ತದೆ,
ಪಡುವಣಕ್ಕೆ ಬಿಟ್ಟರೆ ಹೊರಗೆ.
ಎರಡು ಸಲ ಚಹಾ ಕುಡಿದೆ. ಹಾಗೇ ಇತ್ತು.
ತಪ್ಪು ನನ್ನದಲ್ಲ, ಚುಕ್ಕೆ ಕೂತಿರುವುದೇ
ಗಡಿಯ ಬೆನ್ನ ಮೇಲೆ.

‘ಕಿರಿದು’ ಚಿಹ್ನೆಯ ಕೆಳಗೆ
ಇನ್ನೊಂದು ಪುಟ್ಟ ಗೀಟು, ‘ಸಮ’ ಎಂಬುದು.
ಹಾಕಿದರೆ ಆ ಮನೆ ಪಡುವಣದ ವಾರ್ಡಿಗೆ,
ಅಳಿಸಿದರೆ ಮೂಡಣದ್ದಕ್ಕೆ.
ಬೆರಳು ಕೀಲಿಯ ಮೇಲಿಟ್ಟು ಕೂತೆ.
ಆಮೇಲೆ ಆಟೋ ಹಿಡಿದೆ.

ಹೊಗೆ ಕಂಡಲ್ಲಿ ಇಳಿಸಿ ಹೋದ.
ಮಂಡಕ್ಕಿ ಭಟ್ಟಿಗಳ ಸಾಲು,
ಕಾದ ಮರಳಿಗೆ ಅಕ್ಕಿ ಬಿದ್ದು ಅರಳುವ ಸದ್ದು,
ಗಂಡಸರ ಹುಬ್ಬಿನ ಮೇಲೆ ಮಸಿ.
ನನ್ನ ಗೆರೆಗೇನು, ಗೋಡೆ ತೂರಿ ಹೋಗುತ್ತದೆ,
ಒಲೆ, ತೊಟ್ಟಿಲು, ಮಲಗಿದವರ ಎದೆ
ಯಾರನ್ನೂ ಕೇಳದೆ.
ನಾನು ಚರಂಡಿ ಕಲ್ಲು ದಾಟಿ, ಓಣಿ ತಪ್ಪಿ,
ಬಂದ ದಾರಿಯಲ್ಲೇ ಮತ್ತೆ ಬಂದು,
ಕೊನೆಗೆ ಖಾತೂನ್‌ಬಿಯವರ ಬಾಗಿಲು.

‘ಆ ಹುಡುಗ ಒಳಗೆ ಬಾ ಅಂದ್ರೆ ಬರಲಿಲ್ಲವ್ವ,
ಬೂಟು ಬಿಚ್ಚಬೇಕಲ್ಲ.
ಹೊಸ್ತಿಲ ಮ್ಯಾಲೆ ನಿಂತೇ ಫೋನು ಎತ್ತಿ ಒತ್ತಿದ,
ಹೋದ.’

ಹೊಸ್ತಿಲು.
ಮುಸ್ಸಂಜೆ ಅದರ ಮೇಲೆ ಕೂತರೆ
ಅಜ್ಜಿ ರಟ್ಟೆ ಹಿಡಿದು ಎಬ್ಬಿಸುತ್ತಿದ್ದಳು:
ಒಳಗೂ ಅಲ್ಲ, ಹೊರಗೂ ಅಲ್ಲ,
ಹೊಟ್ಟೆ ಬಗೆದದ್ದು ಅಲ್ಲೇ ಕಣೇ.
ನನ್ನ ಹನ್ನೊಂದು ಸಾಲಿಗೆ ಆ ಕತೆ ಗೊತ್ತಿಲ್ಲ,
ಅದಕ್ಕೆ ಬರುವುದು ಎರಡೇ ಮಾತು.

ಯಾವ ವಾರ್ಡು ಬೇಕಮ್ಮ ನಿಮಗೆ, ಕೇಳಿದೆ.
‘ನೀರು ಆ ಕಡೇದು, ಕಸದ ಗಾಡಿ ಈ ಕಡೇದು.
ಎರಡೂ ಮಂಗಳವಾರ ಬರಲ್ಲ.
ನಿಂತ್ಕೊಂಡು ಏನು ಮಾತು, ಒಳಗೆ ಬಾ ಮೊದಲು.’

ಚಪ್ಪಲಿ ಬಿಟ್ಟೆ.
ಮೂಡಣಕ್ಕೆ ಒಂಬತ್ತು ಹೆಜ್ಜೆ, ಉದ್ದದ ಮನೆ,
ಕಬ್ಬಿಣದ ಮಂಚ, ಚೀಲ ಚೀಲ ಮಂಡಕ್ಕಿ,
ಗೋಡೆಯಲ್ಲಿ ಯಾರದೋ ಹತ್ತನೇ ಕ್ಲಾಸಿನ ಫೋಟೊ.
ಮಂಚದ ಪಕ್ಕ ನಿಂತು ಒತ್ತಿದೆ.
ಉಪಗ್ರಹ ಸ್ವಲ್ಪ ತಡವರಿಸಿತು,
ಆಮೇಲೆ ಚುಕ್ಕೆ ಸರಿಯಿತು.
ಮೂಡಣಕ್ಕೆ ಗೆರೆ: ಒಂದು ದಾಟು. ಬೆಸ.
ಪಡುವಣಕ್ಕೂ ಒಂದು.

ಸಂಜೆ ಕಚೇರಿಗೆ ಬಂದಾಗ ಹಾಲಸ್ವಾಮಿ ಕೇಳಿದರು,
‘ಏನಾಯ್ತು ನಿಮ್ಮ ಗೀಟು?’
ಕೈಗಂಟಿದ ಮಸಿ ಒರೆಸುತ್ತ ಕೂತಿದ್ದೆ.
ಎಂಬತ್ತು ಸಾವಿರ ಮನೆಯಲ್ಲಿ
ಆ ಹುಡುಗ ಎಷ್ಟು ಕಡೆ ಬೂಟು ಬಿಚ್ಚಿದ್ದನೋ,
ಅದನ್ನು ಎಣಿಸುವ ಸಾಲು
ಇನ್ನೂ ಬರೆದಿಲ್ಲ.