ನಲವತ್ತೊಂದು ಸೆಕೆಂಡು

ಹಾಲುಕ್ಕುವ ಶಾಟನ್ನು ಮೂರು ಸಲ ತೆಗೆದಿದ್ದಾನೆ ತಿಪ್ಪೇಶಿ.
ಒಂದರಲ್ಲಿ ಉಕ್ಕಲಿಲ್ಲ, ಒಂದರಲ್ಲಿ ಬೆಳಕು ಸಾಲದು.
ಮೂರನೆಯದರಲ್ಲಿ ಎಲ್ಲ ಸರಿ,
ಹಾಲು ಪೂರ್ವಕ್ಕೇ ಉಕ್ಕಿದೆ.
ಚಪ್ಪಾಳೆ ತಟ್ಟುವ ಅಷ್ಟೂ ಕೈಗಳ ನಡುವೆ
ಮನೆಯಾಕೆಯ ಕೈ ಮಾತ್ರ
ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ, ಸುತ್ತುತ್ತ.

ನಾನು ಎಡಿಟರ್. ಮಂಡಿಪೇಟೆಯ ಹಿಂದಿನ ಓಣಿ,
ಮೆಣಸಿನಕಾಯಿ ಘಾಟಿನ ಮೇಲಣ ಮಹಡಿ.
ಜನರ ಸಂತೋಷವನ್ನು ಗಂಟೆಗಿಷ್ಟೆಂದು ಹೊಲಿಯುತ್ತೇನೆ.
ಶಾಮನೂರು ರಸ್ತೆಯಾಚೆ ಹೊಸ ಬಡಾವಣೆ, ಏಳನೇ ಕ್ರಾಸು,
ಬಕ್ಕೇಶಪ್ಪನವರ ಗೃಹಪ್ರವೇಶ. ಆರು ಗಂಟೆಯ ಸರಕು
ನಲವತ್ತು ನಿಮಿಷಕ್ಕೆ ಇಳಿಯಬೇಕು,
ಭದ್ರಾವತಿಯ ಬೀಗರು ಯಾರೂ ಬಿಟ್ಟುಹೋಗಬಾರದು.

ತಿಪ್ಪೇಶಿಗೆ ಕಲೆ ಗಿಲೆ ಗೊತ್ತಿಲ್ಲ.
ಜಾಗ ಸಾಲದೆ ಹಜಾರದಲ್ಲೇ ನಿಂತು
ಬಾಗಿಲೊಳಗಿನ ಬಾಗಿಲು, ಅದರೊಳಗಿನ ಅಡುಗೆಮನೆ ತೆಗೆದ.
ಮೂರು ಚೌಕಟ್ಟಿನಾಚೆ ದ್ರಾಕ್ಷಾಯಣಿ,
ಹೆಬ್ಬೆರಳಷ್ಟು.
ಪರದೆ ತುಂಬ ಹೊಸ ಗ್ರಾನೈಟು.

ಅವನು ಬಂದರೆ ಫೋಕಸ್ಸು ಅವನ ಮೇಲೆ ಹೋಗುತ್ತದೆ,
ತಾನಾಗಿಯೇ. ಆಕೆ ಮಂಜಾಗುತ್ತಾಳೆ.
ಆಕೆಯೇ ಮುಂದೆ ಬಂದರೂ ಅಷ್ಟೆ, ಲೆನ್ಸು ಗಳಿಗೆ ತಡಕಾಡಿ
ಹಿಂದಿನ ಗೋಡೆಯ ಟೈಲ್ಸಿಗೆ ಹೋಗಿ ನಿಲ್ಲುತ್ತದೆ.
ಇಡೀ ದಿನ ಇಬ್ಬರೂ ಒಂದೇ ಫ್ರೇಮಿನಲ್ಲಿ ಹನ್ನೊಂದು ಸಲ.
ನಡುವೆ ಪ್ರತಿ ಸಲ ಏನಾದರೂ ಉಂಟು:
ಕಂಬ, ಅತ್ತೆ, ಮಡಿಚಿಟ್ಟ ಕುರ್ಚಿಗಳ ರಾಶಿ,
ಒಂದು ಸಲ ಬರೀ ನೆಲ, ಒರೆಸಿ ಫಳಫಳ.

ಅಯ್ಯನೋರಿಗೆ ಸಿಕ್ಕಿಸಿದ ಮೈಕನ್ನು ಯಾರೂ ಆರಿಸಿಲ್ಲ.
ಚಿತ್ರದಲ್ಲಿ ಬಾಗಿಲ ತೋರಣ,
ಸದ್ದಿನಲ್ಲಿ ಬಕ್ಕೇಶಪ್ಪ, ಮೆಲ್ಲಗೆ:
"ನಗಾಕೇನ್ ಧಾಡಿ ನಿಂಗೆ? ಎಪ್ಪತ್ತು ಲಕ್ಷ ಸುರುದೀನಿ."
ಬಳೆ ಸರಿದ ಸದ್ದು.
ಆಮೇಲೆ ಆಕೆ ನಕ್ಕಿದ್ದಾಳೆ, ಹಲ್ಲು ಕಾಣುವ ಹಾಗೆ.
ಆ ನಗೆಯನ್ನೇ ಮೊದಲ ಶಾಟಿಗೆ ಎತ್ತಿಕೊಂಡೆ,
ಮಾತು ತೆಗೆದು, ಶಹನಾಯಿ ಹಾಕಿ.

ಹಾಗಂತ ಬಕ್ಕೇಶಪ್ಪ ರಾಕ್ಷಸನಲ್ಲ.
ಕೊನೆಯ ಪಂಕ್ತಿ ಎದ್ದ ಮೇಲೆ, ಕ್ಯಾಮೆರಾ ಮರೆತು,
ಹೋಳಿಗೆಯ ತಟ್ಟೆ ಹಿಡಿದು ಆಕೆಯನ್ನು ಹುಡುಕುತ್ತಾನೆ
ಕೋಣೆಯಿಂದ ಕೋಣೆಗೆ. ಮನೆ ದೊಡ್ಡದು.
ಯಾವ ಬಾಗಿಲು ಎಲ್ಲಿಗೆಂದು ಅವನಿಗೂ ರೂಢಿಯಾಗಿಲ್ಲ.
ತಟ್ಟೆಯನ್ನು ಫ್ರಿಜ್ಜಿನ ಮೇಲಿಟ್ಟು
ಪಂಚೆಗೆ ಕೈ ಒರೆಸಿಕೊಳ್ಳುತ್ತಾನೆ.

ಅದೇ ಹೊತ್ತಿಗೆ ಡ್ರೋನಿನ ಹುಡುಗ
ಬ್ಯಾಟರಿ ಎಷ್ಟಿದೆ ನೋಡಲೆಂದು ಹಾರಿಸಿದ್ದಾನೆ.
ತಾರಸಿ. ಕಪ್ಪು ನೀರಿನ ಟ್ಯಾಂಕು. ಅದರ ನೆರಳಲ್ಲಿ ಆಕೆ
ರೇಷ್ಮೆ ಸೀರೆ ಮೊಣಕಾಲಿಗೆತ್ತಿ, ಕುಕ್ಕುರುಗಾಲಲ್ಲಿ,
ಕಾಗದದ ಪೊಟ್ಟಣದಿಂದ ಮಂಡಕ್ಕಿ ಮುಕ್ಕುತ್ತಿದ್ದಾಳೆ.
ಕಣ್ಣು ಕುಂದವಾಡ ಕೆರೆಯ ಕಡೆಗೆ.
ಮುಖದಲ್ಲಿ ಏನೂ ಇಲ್ಲ. ಬೆಳಗಿನಿಂದ ಮೊದಲ ಸಲ
ಏನೂ ಇಲ್ಲ.
ಡ್ರೋನು ಏರುತ್ತದೆ, ಆಕೆ ಸಣ್ಣಗಾಗುತ್ತಾಳೆ,
ಮನೆ ಸಣ್ಣಗಾಗುತ್ತದೆ, ಅಂಥದ್ದೇ ಮನೆ,
ಅಂಥದ್ದೇ ಟ್ಯಾಂಕು, ಅಂಥದ್ದೇ
ನಲವತ್ತೊಂದು ಸೆಕೆಂಡು. ಕತ್ತರಿಸಿದೆ.
ಗೃಹಪ್ರವೇಶದ ದಿನ ಮಂಡಕ್ಕಿ ತಿನ್ನುವ ಯಜಮಾನಿ
ಯಾವ ಬೀಗರಿಗೆ ಬೇಕು?

ತಿಂಗಳ ಮೇಲೆ ಮೆಟ್ಟಿಲು ಹತ್ತಿ ಬಂದಳು, ಒಬ್ಬಳೇ.
"ಎಲ್ಲ ಚೆನ್ನಾಗಿ ಬಂದೈತೆ. ಅವತ್ತು ಮ್ಯಾಲೆ ಹಾರಾಡ್ತಿತ್ತಲ್ಲ,
ಜೇನುಹುಳದಂಗೆ ಗುಂಯ್ ಅನ್ಕೊಂತ, ಅದು ತೆಗದದ್ದು ಐತಾ?"
ಅಳಿಸಿದೆ ಅನ್ನಬಹುದಿತ್ತು. ತೋರಿಸಿದೆ.
ಕುರ್ಚಿಯಂಚಿಗೆ ಕೂತು ನೋಡಿದಳು.
ಇನ್ನೊಂದು ಸಲ ಅಂದಳು. ಮೂರನೇ ಸಲಕ್ಕೆ
ಪರದೆಗೆ ಬೆರಳಿಟ್ಟು, "ಇಲ್ಲಿ ನಿಲ್ಸಿ."

ಪ್ರಿಂಟು ಎಷ್ಟು ದೊಡ್ಡದಿರಲಿ, ಕೇಳಿದೆ.
"ಪರ್ಸಿನಾಗೆ ಹಿಡಿಯೋಷ್ಟು. ಗ್ವಾಡಿಗಲ್ಲ."
ಕೆಳಗೆ ಯಾರೋ ಮೂಟೆ ಕೆಡವಿದರು.
ಘಾಟಿಗೆ ಇಬ್ಬರಿಗೂ ಕೆಮ್ಮು ಬಂತು.